ಚೌಳು ಭೂಮಿ: ಅದರ ಕಾರಣಗಳೂ ನಿವಾರಣೋಪಾಯಗಳೂ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರ ಉಪಯೋಗಕ್ಕಾಗಿ)

1. ಪ್ರಸ್ತಾವನೆ

ಕೆರೆಯ ಕೆಳಗಿನ ತಗ್ಗು ಗದ್ದೆಗಳಲ್ಲಿ ಬೇಸಗೆ ಬಂದಾಗ ನೆಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಪೊರೆ ಕಟ್ಟುವುದನ್ನು ರೈತರೆಲ್ಲರೂ ಬಲ್ಲರು. ಇದನ್ನು ಕೆಲವರು ಚೌಳೆಂದೂ, ಕೆಲವರು ಸವುಳೆಂದೂ, ತೆಲುಗು ಮಾತಾಡುವ ಹಳ್ಳಿಗಳಲ್ಲಿ ಚೌಡೆಂದೂ ಕರೆಯುವರು. ಹಿಂದಿನ ಕಾಲದಲ್ಲಿ ಅಗಸರು ಈ ಮಣ್ಣನ್ನು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ಉಪ್ಪಾರರು ಇದನ್ನು ನೀರಿನಲ್ಲಿ ಕರಗಿಸಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಆದಕಾರಣ ಚೌಳೆಂಬುದು ಈ ಸೀಮೆಗೆ ಹೊಸದೇನೂ ಅಲ್ಲ. ಆದರೆ ಹಿಂದೆ ತಗ್ಗಿನ ಗದ್ದೆಗಳಿಗೆ ಮಾತ್ರ ಸೇರಿದ್ದ ಈ ದೋಷವು ಈಗ ಕೊಳವೆಬಾವಿಯ ನೀರಿನಿಂದ ಸಾಗುವಳಿಯಾಗುವ ಎತ್ತರದ ಕೆಂಪು ನೆಲದ ತೋಟಗಳಲ್ಲಿಯೂ ತಲೆದೋರತೊಡಗಿದೆ. ಟೊಮೆಟೊ ಗಿಡದ ಎಲೆಯಂಚು ಸುಟ್ಟಂತಾಗುವುದು, ಹುರುಳಿಕಾಯಿಯ ಬೀಜ ಅರ್ಧ ಮಾತ್ರ ಮೊಳೆಯುವುದು, ಹನಿಕೊಳವೆಯ ಸುತ್ತ ಬಿಳಿಯ ಬಳೆ ಮೂಡುವುದು ಇವೆಲ್ಲವೂ ಅದರ ಮುನ್ಸೂಚನೆಗಳು.

ಈ ರೋಗಕ್ಕೆ ಮೂಲವೊಂದೇ: ಉಪ್ಪು ನೀರಿನೊಡನೆ ಬರುವುದು, ನೀರಿನೊಡನೆಯೇ ಹೋಗುವುದು. ಬಂದ ನೀರಿಗೆ ಹೋಗುವ ದಾರಿಯಿಲ್ಲದ ಭೂಮಿಯು ಇಂದಲ್ಲದಿದ್ದರೆ ನಾಳೆ ಚೌಳಾಗುವುದು. ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ನಮ್ಮ ಸೀಮೆಯಲ್ಲಿ ನೆಲವನ್ನು ತೊಳೆಯಲು ಮಿಗುವ ನೀರು ಮಳೆಯದೊಂದೇ. ಆ ಮಳೆಯನ್ನು ಈ ಕೆಲಸಕ್ಕೆ ಹೇಗೆ ಉಪಯೋಗಿಸಬೇಕೆಂಬುದನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶ.

2. ಉಪ್ಪು ಎಲ್ಲಿಂದ ಬರುವುದು

ನಮ್ಮ ನೆಲದಡಿಯಲ್ಲಿರುವುದು ಬೆಣಚು ಮತ್ತು ಗ್ರಾನೈಟು ಜಾತಿಯ ಗಟ್ಟಿ ಬಂಡೆ. ಈ ಬಂಡೆಯು ಗಾಳಿ ನೀರುಗಳಿಗೆ ಸಿಕ್ಕಿ ಸವೆಯುವಾಗ ಅದರಲ್ಲಿರುವ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದುವು ನೀರಿನಲ್ಲಿ ಕರಗುವುವು. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದರ ಉಪ್ಪು ಹೆಚ್ಚುವುದು. ಮಳೆಯ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಮೆ. ಆಳದ ಕೊಳವೆಬಾವಿಯ ನೀರಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚು.

ನೀರಿನ ಉಪ್ಪನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುವರು. ಪರೀಕ್ಷೆಯ ಚೀಟಿಯಲ್ಲಿ ಇದನ್ನು ಇ.ಸಿ. ಎಂದು ಬರೆದಿರುವುದು. ಇ.ಸಿ. 1 ಎಂದರೆ ಒಂದು ಲೀಟರು ನೀರಿನಲ್ಲಿ ಸುಮಾರು 640 ಮಿಲಿಗ್ರಾಂ ಉಪ್ಪು ಇದೆಯೆಂದು ಅರ್ಥ. ಕುಡಿದರೆ ಈ ನೀರು ಅಷ್ಟೇನೂ ಉಪ್ಪೆನಿಸದು. ಆದರೆ ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದರೆ ಅದು ಸುಮಾರು 1,03,000 ಲೀಟರು. ಅದರೊಡನೆ ನೆಲಕ್ಕೆ ಸೇರುವ ಉಪ್ಪು ಸುಮಾರು 66 ಕಿಲೋಗ್ರಾಂ. ಒಂದು ಬೆಳೆಗೆ ಒಟ್ಟು 20 ಅಂಗುಲ ನೀರು ಕೊಟ್ಟರೆ ಎಕರೆಗೆ ಸುಮಾರು 1,300 ಕಿಲೋಗ್ರಾಂ, ಎಂದರೆ 50 ಕಿಲೋಗ್ರಾಂ ಹಿಡಿಯುವ 26 ಮೂಟೆ ಉಪ್ಪನ್ನು ರೈತನು ತನ್ನ ಕೈಯಾರೆ ಹೊಲಕ್ಕೆ ಹಾಕಿದಂತಾಯಿತು. ಪೈರು ನೀರನ್ನು ಹೀರಿಕೊಳ್ಳುವುದು, ಬಿಸಿಲು ನೀರನ್ನು ಒಯ್ಯುವುದು. ಉಪ್ಪಿನ ಬಹುಭಾಗವು ನೆಲದಲ್ಲಿಯೇ ನಿಲ್ಲುವುದು. ಇದರಲ್ಲಿ ಒಂದು ಪಾಲು ಸುಣ್ಣದ ರೂಪದಲ್ಲಿ ಗಟ್ಟಿಯಾಗಿ ನಿರುಪದ್ರವಿಯಾದರೂ ಉಳಿದದ್ದು ಬೇರಿನ ಬಳಿಯೇ ಇರುವುದು.

ಉಪ್ಪು ಹೆಚ್ಚಿದ ನೆಲದಲ್ಲಿ ತೇವವಿದ್ದರೂ ಬೇರು ಅದನ್ನು ಸುಲಭವಾಗಿ ಹೀರಲಾರದು. ಆದುದರಿಂದ ನೀರು ಕಟ್ಟಿದ ಮರುದಿನವೇ ಗಿಡ ಬಾಡಿದಂತೆ ತೋರುವುದು. ರೈತನು ನೀರು ಸಾಲದೆಂದು ಭಾವಿಸಿ ಮತ್ತೆ ಅದೇ ನೀರನ್ನು ಕೊಡುವನು. ಹೀಗೆ ದೋಷವು ದೋಷವನ್ನೇ ಬೆಳೆಸುವುದು.

3. ಈ ತಾಲ್ಲೂಕುಗಳಲ್ಲಿನ ವಿಶೇಷ ಕಾರಣಗಳು

(ಅ) ತಗ್ಗಿನ ಗದ್ದೆಗಳು. ಎತ್ತರದ ಹೊಲಗಳಿಂದಲೂ ಕೆರೆಯ ಏರಿಯಿಂದಲೂ ಜಿನುಗಿದ ನೀರು ಅಚ್ಚುಕಟ್ಟಿನ ಕೊನೆಯಲ್ಲಿ ಬಂದು ನಿಲ್ಲುವುದು. ನೆಲದಡಿಯ ನೀರು ಮೇಲಕ್ಕೇರಿ ಒಂದೆರಡು ಮೊಳದಷ್ಟು ಸಮೀಪಕ್ಕೆ ಬಂದರೆ, ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಮಣ್ಣು ಅದನ್ನು ಮೇಲಕ್ಕೆಳೆಯುವುದು. ನೀರು ಆವಿಯಾಗಿ ಹೋಗಿ ಉಪ್ಪು ಮೇಲೆ ಉಳಿಯುವುದು. ಕಾಲುವೆ ಮುಚ್ಚಿಹೋದಲ್ಲಿ, ಒತ್ತುವರಿಯಾದಲ್ಲಿ ಇದು ಬಹು ಬೇಗ ಆಗುವುದು.

(ಆ) ಆಳದ ಕೊಳವೆಬಾವಿಗಳು. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಬಾವಿಗಳು ಸಾವಿರ ಅಡಿಗೂ ಮಿಕ್ಕಿ ಇಳಿದಿವೆ. ಈ ನೀರಿನಲ್ಲಿ ಬೈಕಾರ್ಬೊನೇಟು ಹೆಚ್ಚಾಗಿರುವುದುಂಟು. ಹನಿಕೊಳವೆಯ ತೂತುಗಳಲ್ಲಿ ಸುಣ್ಣ ಕಟ್ಟುವುದಕ್ಕೆ ಇದೇ ಕಾರಣ. ಅಲ್ಲದೆ ಹೊಲದಿಂದ ಬಸಿದ ಉಪ್ಪುನೀರು ಕೆಳಗಿಳಿದು ಅದೇ ಅಂತರ್ಜಲವನ್ನು ಸೇರಿ, ಮತ್ತೆ ಪಂಪಿನಿಂದ ಮೇಲೆ ಬರುವುದು. ಒಂದೇ ನೀರನ್ನು ಮರಳಿ ಮರಳಿ ಕಾಯಿಸಿದಂತೆ, ಪ್ರತಿ ಸುತ್ತಿಗೂ ಉಪ್ಪು ಗಟ್ಟಿಯಾಗುವುದು.

(ಇ) ಹನಿ ನೀರಾವರಿ ಮತ್ತು ಹೊದಿಕೆ. ಹನಿ ನೀರಾವರಿಯು ನೀರನ್ನು ಉಳಿಸುವುದರಲ್ಲಿ ಸಂಶಯವಿಲ್ಲ. ಆದರೆ ಅದು ಉಪ್ಪನ್ನು ಹೊರಗೆ ಹಾಕುವುದಿಲ್ಲ. ನೆನೆದ ಮಣ್ಣಿನ ಅಂಚಿಗೆ ತಳ್ಳಿ ಅಲ್ಲಿಯೇ ಗುಡ್ಡೆ ಮಾಡುವುದು. ಪ್ಲಾಸ್ಟಿಕ್ ಹೊದಿಕೆಯು ಮಳೆಯನ್ನು ಸಾಲಿನೊಳಗೆ ಬಿಡದು. ಪಾಲಿಹೌಸಿನೊಳಗಂತೂ ಮಳೆಯ ಹನಿಯೇ ಬೀಳದಾದ್ದರಿಂದ, ನೀರಿನ ಉಪ್ಪೂ ಗೊಬ್ಬರದ ಉಪ್ಪೂ ವರ್ಷವರ್ಷವೂ ಕೂಡುತ್ತಲೇ ಹೋಗುವುವು.

(ಈ) ಸಂಸ್ಕರಿಸಿದ ನೀರು ತುಂಬುವ ಕೆರೆಗಳು. ಕೆ.ಸಿ. ವ್ಯಾಲಿ ಎಂದು ಹೆಸರಾದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಿಂದ 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದು, ಬಳಿಕ ನರಸಾಪುರವೇ ಮೊದಲಾದ ಅನೇಕ ಕೆರೆಗಳನ್ನು ತುಂಬಿತು. ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿದ್ದು ದೊಡ್ಡ ಉಪಕಾರವೇ. ಆದರೆ ಎರಡನೆಯ ಹಂತದವರೆಗಿನ ಸಂಸ್ಕರಣವು ಕೊಳೆಯನ್ನು ತೆಗೆಯುವುದೇ ಹೊರತು ನೀರಿನಲ್ಲಿ ಕರಗಿದ ಉಪ್ಪನ್ನು ತೆಗೆಯದು. ಮನೆಗಳ ಅಡಿಗೆ ಉಪ್ಪೂ ಸಾಬೂನಿನ ಸೋಡಾವೂ ಅದರಲ್ಲಿಯೇ ಉಳಿಯುವುವು. ಕೆರೆಯು ಕೋಡಿ ಹೋಗದೆ ಬಿಸಿಲಿಗೆ ಇಂಗುತ್ತಿದ್ದರೆ ಆ ಉಪ್ಪು ಇನ್ನೂ ಹೆಚ್ಚುವುದು. ಈ ಯೋಜನೆಯ ಉದ್ದೇಶ ಅಂತರ್ಜಲವನ್ನು ತುಂಬುವುದೇ ಆಗಿದ್ದು, ಕೆರೆಯಿಂದ ನೇರವಾಗಿ ಪಂಪು ಹಾಕಿ ಹೊಲಕ್ಕೆ ಹಾಯಿಸಲು ಅನುಮತಿಯಿಲ್ಲ. ಅಂಥ ಕೆರೆಗಳ ಸಮೀಪದ ಬಾವಿಗಳ ನೀರನ್ನು ವರ್ಷಕ್ಕೆ ಎರಡು ಸಲವಾದರೂ ಪರೀಕ್ಷೆ ಮಾಡಿಸುವುದು ಅವಶ್ಯಕ.

4. ಬೇರೆ ಸೀಮೆಗಳ ಅನುಭವ

ಬರಡು ನೆಲಕ್ಕೆ ನೀರು ಬಂದರೆ ಸಾಕು, ಉಳಿದದ್ದು ತಾನಾಗಿಯೇ ಆಗುವುದೆಂಬ ನಂಬಿಕೆಯು ಎಷ್ಟು ಅಪಾಯಕರವೆಂಬುದಕ್ಕೆ ತುಂಗಭದ್ರಾ ಅಚ್ಚುಕಟ್ಟು ಸಾಕ್ಷಿಯಾಗಿದೆ. 1953ರಲ್ಲಿ ಅಲ್ಲಿ ಕಾಲುವೆಗೆ ನೀರು ಬಿಟ್ಟರು. ಲಘು ನೀರಾವರಿಯ ಬೆಳೆಗಳಿಗೆಂದು ಗೊತ್ತುಮಾಡಿದ್ದ ಕರಿಯ ನೆಲದಲ್ಲಿ ಭತ್ತವು ವ್ಯಾಪಿಸಿತು. ನೀರು ಹೊರಗೆ ಹೋಗಲು ಬಸಿಗಾಲುವೆಗಳು ಸಾಲದಾದುವು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಗಳಲ್ಲಿ ವಿಸ್ತಾರವಾದ ಜಮೀನು ಜೌಗೂ ಚೌಳೂ ಆಯಿತು. ಅದನ್ನು ಸರಿಪಡಿಸಲು ನೆಲದಡಿಯಲ್ಲಿ ತೂತಿನ ಕೊಳವೆಗಳನ್ನು ಹೂಳುವ ದುಬಾರಿ ಕೆಲಸಕ್ಕೆ ಕೈಹಾಕಬೇಕಾಯಿತು.

ಅದಕ್ಕೂ ಹಿಂದೆ, ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿನಲ್ಲಿ, ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ಕಾಲುವೆಯ ಕೆಳಗೆ ಬ್ಲಾಕು ಪದ್ಧತಿಯನ್ನು ಏರ್ಪಡಿಸಿದರು. ಕಬ್ಬಿಗೆ ಒಂದೇ ಕಡೆ ಮಿತಿಯಿಲ್ಲದೆ ನೀರು ನಿಲ್ಲುವುದನ್ನು ತಪ್ಪಿಸಿ, ಬೆಳೆಗಳನ್ನು ಸರದಿಯಾಗಿ ಮಾಡಿ, ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದೇ ಅದರ ತತ್ತ್ವ. ನೀರಿಗೆ ಮಿತಿಯೂ ನೆಲಕ್ಕೆ ಸರದಿಯೂ ಬೇಕೆಂಬ ಈ ಪಾಠವು ನಮಗೂ ಸಲ್ಲುವುದು.

ನಮ್ಮ ಕೆಂಪು ಮಣ್ಣಿಗೆ ಒಂದು ಅನುಕೂಲವುಂಟು. ಅದು ಕರಿಯ ಮಣ್ಣಿನಂತೆ ನೀರನ್ನು ಕಟ್ಟಿ ಹಿಡಿಯದೆ ಕೆಳಕ್ಕೆ ಬಿಡುವುದು. ದಾರಿಯಿದ್ದರೆ ಉಪ್ಪು ಬೇಗ ತೊಳೆದುಹೋಗುವುದು. ಆದುದರಿಂದ ನಿರಾಶೆಗೆ ಕಾರಣವಿಲ್ಲ; ಅಲಕ್ಷ್ಯಕ್ಕೂ ಎಡೆಯಿಲ್ಲ.

5. ಚೌಳಿನ ಎರಡು ಬಗೆಗಳು

ಚಿಕಿತ್ಸೆಗೆ ಮೊದಲು ರೋಗವನ್ನು ತಿಳಿಯಬೇಕು. ಚೌಳಿನಲ್ಲಿ ಮುಖ್ಯವಾಗಿ ಎರಡು ಬಗೆ.

ಉಪ್ಪು ಚೌಳು: ನೆಲದ ಮೇಲೆ ಬಿಳಿಯ ಪೊರೆ ಕಾಣುವುದು. ಮಣ್ಣು ಸಡಿಲವಾಗಿಯೇ ಇದ್ದು ನೀರು ಇಂಗುವುದು. ರಸಸಾರವು ಸಾಧಾರಣವಾಗಿ 8.5ಕ್ಕಿಂತ ಕಡಮೆ. ಇದಕ್ಕೆ ಒಳ್ಳೆಯ ನೀರಿನಿಂದ ತೊಳೆಯುವುದೇ ಮದ್ದು, ಜಿಪ್ಸಂ ಬೇಕಿಲ್ಲ.

ಕ್ಷಾರ ಚೌಳು: ಇದರಲ್ಲಿ ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡಿರುವುದು. ನೀರು ನಿಂತರೆ ದಿನಗಟ್ಟಲೆ ಇಂಗದೆ ಕದಡಿಯೇ ಇರುವುದು. ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುವುದು. ಮೇಲ್ಭಾಗದಲ್ಲಿ ಕಪ್ಪು ಕಲೆಗಳು ಕಾಣುವುದುಂಟು. ರಸಸಾರವು 8.5ಕ್ಕೆ ಮೇಲ್ಪಟ್ಟಿರುವುದು. ಇದನ್ನು ಬರಿಯ ನೀರಿನಿಂದ ತೊಳೆದರೆ ಇನ್ನೂ ಕೆಡುವುದು. ಮೊದಲು ಜಿಪ್ಸಂ ಹಾಕಿ ಬಳಿಕ ತೊಳೆಯಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ: ಒಂದು ಗಾಜಿನ ಸೀಸೆಯಲ್ಲಿ ಕಾಲುಭಾಗ ಮಣ್ಣು ಹಾಕಿ, ಮಿಕ್ಕದ್ದಕ್ಕೆ ಮಳೆಯ ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ನೀರು ತಿಳಿಯಾಗಿದ್ದರೆ ಕ್ಷಾರದ ಭಯ ಕಡಮೆ. ಹಾಲು ಬೆರೆಸಿದ ಚಹದಂತೆ ಕದಡಿಯೇ ಇದ್ದರೆ ಕ್ಷಾರ ಚೌಳೆಂದು ಸಂಶಯಪಡಬೇಕು. ಅದೇ ಸೀಸೆಗೆ ಒಂದು ಚಿಟಿಕೆ ಜಿಪ್ಸಂ ಹಾಕಿ ಕುಲುಕಿದಾಗ ತಿಳಿಯಾದರೆ ಸಂಶಯವು ಬಲವಾಗುವುದು. ಆದರೂ ಪ್ರಯೋಗಶಾಲೆಯ ವರದಿಯಿಲ್ಲದೆ ಹಣ ಖರ್ಚುಮಾಡಬಾರದು.

6. ಮಣ್ಣು ಮತ್ತು ನೀರಿನ ಪರೀಕ್ಷೆ

ಚೌಳು ಬಿದ್ದ ಜಾಗದ ಮಣ್ಣನ್ನೂ ಚೆನ್ನಾಗಿರುವ ಜಾಗದ ಮಣ್ಣನ್ನೂ ಬೇರೆ ಬೇರೆಯಾಗಿ ತೆಗೆಯಬೇಕು. ಪ್ರತಿಯೊಂದರಲ್ಲಿ ಎಂಟು ಹತ್ತು ಕಡೆ ಆರು ಅಂಗುಲ ಆಳದವರೆಗೆ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ಚೀಲಕ್ಕೆ ತುಂಬಬೇಕು. ಬದುವಿನ ಅಂಚು, ತಿಪ್ಪೆಯ ಪಕ್ಕ, ಮರದ ಬುಡ ಇವುಗಳನ್ನು ಬಿಡತಕ್ಕದ್ದು. ನೀರಿಗಾಗಿ ಪಂಪನ್ನು ಅರ್ಧ ಗಂಟೆ ಓಡಿಸಿದ ಮೇಲೆ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಅರ್ಧ ಲೀಟರು ಹಿಡಿಯಬೇಕು. ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕವಾಗಲಿ, ಕೋಲಾರದ ಬಳಿ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದಾಗಲಿ ಪರೀಕ್ಷೆಗೆ ಕಳುಹಿಸಬಹುದು.

ವರದಿ ಓದುವಾಗ ಒಂದು ಎಚ್ಚರಿಕೆ. ಮಣ್ಣಿನ ಆರೋಗ್ಯ ಚೀಟಿಯ ಇ.ಸಿ.ಯು ಮಣ್ಣಿಗೆ ಎರಡು ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದು. ಅಲ್ಲಿ 1ಕ್ಕಿಂತ ಕಡಮೆಯಿದ್ದರೆ ಸಾಮಾನ್ಯವೆನ್ನುವರು. ಮುಂದೆ ಬೆಳೆಗಳಿಗೆ ಹೇಳಿರುವ ಮಿತಿಗಳಾದರೋ ಮಣ್ಣನ್ನು ಮುದ್ದೆಯಾಗುವಷ್ಟು ಮಾತ್ರ ನೆನೆಸಿ ಅದರಿಂದ ಹೀರಿ ತೆಗೆದ ನೀರಿನವು. ಈ ಎರಡನೆಯ ಕ್ರಮದ ಅಂಕವು ಮೊದಲನೆಯದರ ಹಲವು ಪಾಲು ಇರುವುದು. ಎರಡನ್ನೂ ಒಂದೇ ಎಂದು ಎಣಿಸಿ ಧೈರ್ಯವಾಗಿರಬಾರದು.

7. ನಿವಾರಣೋಪಾಯಗಳು

(ಅ) ಮೊದಲು ದಾರಿ. ತಗ್ಗಿನ ಗದ್ದೆಗಳಲ್ಲಿ ಬಸಿಗಾಲುವೆಯಿಲ್ಲದೆ ಬೇರಾವ ಉಪಾಯವೂ ಫಲಿಸದು. ಎತ್ತರದ ಹೊಲವೂ ಗದ್ದೆಯೂ ಸೇರುವ ಕಡೆ ಅಡ್ಡಲಾಗಿ ಒಂದು ಕಾಲುವೆ ತೆಗೆದು ಮೇಲಿನಿಂದ ಜಿನುಗುವ ನೀರನ್ನು ಹಿಡಿಯಬೇಕು. ಅದನ್ನು ಹಳ್ಳಕ್ಕೆ ಸೇರಿಸಬೇಕು. ನೆಲದಡಿಯ ನೀರು ನಾಲ್ಕೈದು ಅಡಿಗಿಂತ ಮೇಲಕ್ಕೆ ಬಾರದಂತೆ ಕಾಲುವೆಯ ಆಳವಿರಬೇಕು.

(ಆ) ಮಳೆಯಿಂದ ತೊಳೆಯುವುದು. ಒಂದು ಅಡಿ ಆಳದ ಮಣ್ಣಿನ ಮೂಲಕ ಅರ್ಧ ಅಡಿ ಒಳ್ಳೆಯ ನೀರು ಇಳಿದುಹೋದರೆ ಉಪ್ಪಿನಲ್ಲಿ ಸುಮಾರು ಅರ್ಧವೂ, ಒಂದು ಅಡಿ ನೀರು ಇಳಿದರೆ ಸುಮಾರು ನೂರಕ್ಕೆ 80 ಪಾಲೂ ಹೋಗುವುದು. ನಮ್ಮಲ್ಲಿ ವರ್ಷಕ್ಕೆ ಸುಮಾರು 28ರಿಂದ 30 ಅಂಗುಲ ಮಳೆಯಾಗುವುದು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ, ಎಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಅದು ಹೆಚ್ಚು. ಈ ನೀರು ಹರಿದುಹೋಗದೆ ಇಂಗುವಂತೆ ಮಾಡಿದರೆ ನೆಲವು ಖರ್ಚಿಲ್ಲದೆ ತೊಳೆಯಲ್ಪಡುವುದು. ಅದಕ್ಕಾಗಿ ಆಗಸ್ಟು ತಿಂಗಳಲ್ಲಿಯೇ ನೆಲವನ್ನು ಆಳವಾಗಿ ಉತ್ತು, ಮಟ್ಟಮಾಡಿ, ಸುತ್ತ ಮುಕ್ಕಾಲು ಅಡಿಯ ಬದು ಹಾಕಿ ಚಿಕ್ಕ ಚಿಕ್ಕ ಮಡಿಗಳಾಗಿ ಒಡೆಯಬೇಕು. ಕೊಳವೆಬಾವಿಯಿಂದ ತರಕಾರಿ ಬೆಳೆಯುವವರು ಜಮೀನನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಹೊದಿಕೆಯನ್ನು ತೆಗೆದು ಈ ಮಳೆಗಳಿಗೆ ಬಯಲಾಗಿ ಬಿಡುವುದು ಉತ್ತಮ. ಒಂದು ಫಸಲು ನಷ್ಟವಾದಂತೆ ತೋರಿದರೂ ನೆಲ ಉಳಿಯುವುದು.

(ಇ) ಹನಿ ನೀರಾವರಿಯಲ್ಲಿ ಎಚ್ಚರಿಕೆ. ಸಣ್ಣ ಮಳೆ ಬಿದ್ದಾಗ ನೀರು ನಿಲ್ಲಿಸುವುದು ವಾಡಿಕೆ. ಆದರೆ ಬೇಸಗೆಯ ನಂತರದ ಮೊದಲ ತುಂತುರು ಮಳೆಯು ಅಂಚಿನಲ್ಲಿ ಕೂಡಿದ ಉಪ್ಪನ್ನು ಬೇರಿನ ಕಡೆಗೆ ತಳ್ಳುವುದು. ಆಗ ಹನಿಯನ್ನು ಬಿಟ್ಟಿರಬೇಕು. ಒಳ್ಳೆಯ ಹದ ಮಳೆಯಾದ ಮೇಲೆ ನಿಲ್ಲಿಸಬಹುದು. ಮುಂದಿನ ಬೆಳೆಯನ್ನು ಹಳೆಯ ಸಾಲಿನಲ್ಲಿಯೇ ನೆಡಬೇಕು. ಮಳೆಯಿಂದ ತೊಳೆಯುವ ಮುನ್ನ ಎರಡು ಸಾಲುಗಳ ನಡುವೆ ನೆಟ್ಟರೆ ಸಸಿಯನ್ನು ಉಪ್ಪಿನಲ್ಲಿಯೇ ನೆಟ್ಟಂತಾಗುವುದು.

ಬೆಳೆಯ ಅವಶ್ಯಕತೆಗಿಂತ ಸ್ವಲ್ಪ ಹೆಚ್ಚು ನೀರು ಬೇರಿನಿಂದ ಕೆಳಕ್ಕೆ ಇಳಿಯಬೇಕು. ಇ.ಸಿ. 1ರ ನೀರಿನಿಂದ ಟೊಮೆಟೊ ಬೆಳೆಯುವಾಗ ಕೊಡುವ ನೂರು ಪಾಲು ನೀರಿನಲ್ಲಿ ಸುಮಾರು 9 ಪಾಲೂ, ಇ.ಸಿ. 2ರ ನೀರಾದರೆ ಸುಮಾರು 19 ಪಾಲೂ ಹೀಗೆ ಇಳಿಯಬೇಕಾಗುವುದು. ಹುರುಳಿಕಾಯಿಗೆ ಇ.ಸಿ. 1ರ ನೀರಿನಲ್ಲಿಯೇ 25 ಪಾಲು ಬೇಕು. ಅಷ್ಟು ನೀರು ಬಾವಿಯಲ್ಲಿ ಇಲ್ಲದವರು ಆ ಬೆಳೆಯನ್ನು ಬಿಡುವುದೇ ಲೇಸು.

(ಈ) ಮಳೆನೀರನ್ನು ಬೆರೆಸುವುದು. ಕೃಷಿ ಹೊಂಡದ ನೀರನ್ನು ಬಾವಿಯ ನೀರಿಗೆ ಸರಿಪಾಲಾಗಿ ಬೆರೆಸಿದರೆ ಉಪ್ಪು ಸುಮಾರು ಅರ್ಧಕ್ಕೆ ಇಳಿಯುವುದು. ನೀರು ಕಡಮೆಯಿದ್ದರೆ ಹೊಂಡದ ನೀರನ್ನು ಬೀಜ ಮೊಳೆಯುವ ಕಾಲಕ್ಕೂ ಎಳೆಯ ಸಸಿಗಳಿಗೂ ಮೀಸಲಿಡತಕ್ಕದ್ದು. ಬೆಳೆದ ಗಿಡವು ತಡೆಯುವಷ್ಟು ಉಪ್ಪನ್ನು ಸಸಿಯು ತಡೆಯದು.

(ಉ) ಜಿಪ್ಸಂ. ಕ್ಷಾರ ಚೌಳಿಗೆ ಪರೀಕ್ಷೆಯಲ್ಲಿ ಹೇಳಿದ ಪ್ರಮಾಣದಲ್ಲಿ ಪುಡಿಮಾಡಿದ ಜಿಪ್ಸಮನ್ನು ಮಳೆಗೆ ಮುಂಚೆ ಎರಚಿ, ಮೇಲಿನ ನಾಲ್ಕೈದು ಅಂಗುಲದಲ್ಲಿ ಬೆರೆಸಿ, ನೀರು ನಿಲ್ಲಿಸಿ ಬಸಿಯಬಿಡಬೇಕು. ಬಾವಿಯ ನೀರಿನಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟು 2.5 ಮಿಲಿ ಈಕ್ವಿವಲೆಂಟಿಗೆ ಮೀರಿದ್ದರೆ ಆ ನೀರು ಹಾಗೆಯೇ ಉಪಯೋಗಕ್ಕೆ ತಕ್ಕದ್ದಲ್ಲ. ಅದನ್ನು ಒಂದು ಅಂಕದಷ್ಟು ಇಳಿಸಲು ಎಕರೆಗೆ ಹಾಯಿಸುವ ಪ್ರತಿ ಅಂಗುಲ ನೀರಿಗೆ ಸುಮಾರು 9 ಕಿಲೋಗ್ರಾಂ ಶುದ್ಧ ಜಿಪ್ಸಂ ಬೇಕು. ಸುಣ್ಣವೇ ಬೇರೆ, ಜಿಪ್ಸಮೇ ಬೇರೆ: ಹುಳಿ ಮಣ್ಣಿಗೆ ಹಾಕುವ ಸುಣ್ಣವನ್ನು ಕ್ಷಾರ ಮಣ್ಣಿಗೆ ಹಾಕಬಾರದು.

(ಊ) ಗೊಬ್ಬರ. ಕೊಟ್ಟಿಗೆ ಗೊಬ್ಬರ, ಹೊಂಗೆಯ ಸೊಪ್ಪು, ಸೆಣಬು ಮತ್ತು ಡಯಂಚದ ಹಸಿರು ಗೊಬ್ಬರಗಳು ಮಣ್ಣನ್ನು ಸಡಿಲಗೊಳಿಸಿ ನೀರಿಗೆ ದಾರಿ ಮಾಡುವುವು. ಡಯಂಚವು ಚೌಳಿನಲ್ಲಿಯೂ ಬೆಳೆಯುವುದರಿಂದ ವಿಶೇಷವಾಗಿ ಉಪಯುಕ್ತ. ರಾಸಾಯನಿಕ ಗೊಬ್ಬರಗಳೂ ಉಪ್ಪುಗಳೇ ಎಂಬುದನ್ನು ಮರೆಯಬಾರದು. ಒಮ್ಮೆಗೆ ಹೆಚ್ಚಾಗಿ ಹಾಕದೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಮ್ಯೂರಿಯೇಟ್ ಆಫ್ ಪೊಟಾಷಿಗೆ ಬದಲಾಗಿ ಸಲ್ಫೇಟ್ ಆಫ್ ಪೊಟಾಷು ಲೇಸು.

(ಋ) ಬೆಳೆಯ ಆಯ್ಕೆ. ಹಿಂದೆ ಹೇಳಿದ ಮುದ್ದೆಯ ಕ್ರಮದಲ್ಲಿ ಅಳೆದಾಗ, ಇಳುವರಿ ಇಳಿಯತೊಡಗುವ ಮಣ್ಣಿನ ಇ.ಸಿ. ಹೀಗಿದೆ:

ಹುರುಳಿಕಾಯಿ, ಕ್ಯಾರೆಟ್: 1.0
ಈರುಳ್ಳಿ, ಮೂಲಂಗಿ: 1.2
ದಪ್ಪ ಮೆಣಸಿನಕಾಯಿ: 1.5
ಆಲೂಗೆಡ್ಡೆ: 1.7
ಎಲೆಕೋಸು: 1.8
ಟೊಮೆಟೊ: 2.5
ಭತ್ತ: 3.0
ಬೀಟ್‌ರೂಟ್: 4.0
ಹತ್ತಿ: 7.7

ಟೊಮೆಟೊವಿನಲ್ಲಿ ಈ ಮಿತಿಯ ಮೇಲೆ ಒಂದೊಂದು ಅಂಕಕ್ಕೂ ಇಳುವರಿ ನೂರಕ್ಕೆ ಸುಮಾರು 10ರಷ್ಟು ತಗ್ಗುವುದು. ಹುರುಳಿಕಾಯಿಯಲ್ಲಿ ಸುಮಾರು 19ರಷ್ಟು. ಮಾವು ಉಪ್ಪನ್ನು ತಡೆಯದ ಮರ. ಶ್ರೀನಿವಾಸಪುರದ ತೋಟಗಾರರು ಹೊಸ ಸಸಿಗೆ ನೀರು ಹಾಕುವ ಮುನ್ನ ಆ ನೀರನ್ನು ಪರೀಕ್ಷಿಸಬೇಕು. ಸದ್ಯಕ್ಕೆ ಸುಧಾರಿಸಲಾಗದ ತಗ್ಗಿನಲ್ಲಿ ಪ್ಯಾರಾ ಹುಲ್ಲು ಬೆಳೆದು ದನಗಳಿಗೆ ಮೇವು ಮಾಡಿಕೊಳ್ಳಬಹುದು. ಅಂಚಿನಲ್ಲಿ ಹೊಂಗೆ, ಕರಿಜಾಲಿ ನೆಡಬಹುದು.

8. ಮಾಡಬಾರದ ಕೆಲಸಗಳು

ಚೌಳಿನ ಮೇಲೆ ಹೊಸ ಕೆಂಪು ಮಣ್ಣನ್ನೋ ಕೆರೆಯ ಗೋಡನ್ನೋ ಹರಡಿದರೆ ಒಂದೆರಡು ಫಸಲು ಬರುವುದು. ಬಸಿಯುವ ದಾರಿಯಿಲ್ಲದಿದ್ದರೆ ಉಪ್ಪು ಮತ್ತೆ ಮೇಲೇರುವುದು. ಖರ್ಚೂ ವ್ಯರ್ಥ, ಮಣ್ಣೂ ವ್ಯರ್ಥ. ಕೊಳಚೆ ಸೇರಿದ ಕೆರೆಯ ಗೋಡನ್ನಂತೂ ಪರೀಕ್ಷೆಯಿಲ್ಲದೆ ಹೊಲಕ್ಕೆ ತರಬಾರದು. ಕೆರೆದು ತೆಗೆದ ಉಪ್ಪನ್ನು ಬದುವಿನ ಮೇಲೆ ಹಾಕಿದರೆ ಮೊದಲ ಮಳೆಗೇ ಹಿಂದಿರುಗುವುದು.

9. ಊರೊಟ್ಟಿನ ಕೆಲಸ

ಒಬ್ಬನ ಹೊಲದಿಂದ ತೊಳೆದ ಉಪ್ಪು ಕೆಳಗಿನವನ ಹೊಲದಲ್ಲಿ ನಿಂತರೆ ಊರಿಗೆ ಲಾಭವಿಲ್ಲ. ನಮ್ಮ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಗೆ ಕಾಲುವೆ. ಹಿರಿಯರು ಕಟ್ಟಿದ ಈ ಏರ್ಪಾಡು ನೀರನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ಮಳೆ ಹೆಚ್ಚಿದ ವರ್ಷದಲ್ಲಿ ಸೀಮೆಯ ಉಪ್ಪನ್ನು ಹೊರಗೆ ಕಳುಹಿಸುವುದಕ್ಕೂ ಆಗಿತ್ತು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹೋದುವು. ಅಂಥ ವರ್ಷಗಳು ವಿರಳ. ಅವು ಬಂದಾಗ ರಾಜಕಾಲುವೆ ತೆರೆದಿದ್ದರೆ ನೀರು ಉಪ್ಪನ್ನು ಹೊತ್ತು ಹೋಗುವುದು. ಮುಚ್ಚಿದ್ದರೆ ಉಪ್ಪನ್ನು ಗದ್ದೆಯಲ್ಲಿಯೇ ಇಳಿಸಿ ಹೋಗುವುದು. ಆದುದರಿಂದ ಪ್ರತಿ ಗ್ರಾಮದವರೂ ಜುಲೈ ಆಗಸ್ಟು ತಿಂಗಳುಗಳಲ್ಲಿ ಕೂಡಿ ಕೋಡಿ, ಕಾಲುವೆ, ಬಸಿಗಾಲುವೆಗಳ ಹೂಳು ತೆಗೆದು, ಒತ್ತುವರಿಯನ್ನು ಬಿಡಿಸಿಕೊಳ್ಳತಕ್ಕದ್ದು.

10. ಸಾರಾಂಶ

(1) ನೀರು ಮತ್ತು ಮಣ್ಣನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದ ನಂತರವೊಮ್ಮೆ ಪರೀಕ್ಷಿಸಿರಿ.
(2) ಉಪ್ಪು ಚೌಳೋ ಕ್ಷಾರ ಚೌಳೋ ತಿಳಿದ ಮೇಲೆಯೇ ಔಷಧಕ್ಕೆ ಹಣ ಹಾಕಿರಿ.
(3) ಮೊದಲು ಬಸಿಗಾಲುವೆ, ಆಮೇಲೆ ತೊಳೆಯುವುದು.
(4) ವರ್ಷಕ್ಕೆ ಮೂರರಲ್ಲೊಂದು ಪಾಲನ್ನು ಹೊದಿಕೆಯಿಲ್ಲದೆ ಹಿಂಗಾರಿಗೆ ಬಿಡಿರಿ.
(5) ಬಾವಿಯ ನೀರಿಗೆ ತಕ್ಕ ಬೆಳೆಯನ್ನು ಆರಿಸಿರಿ. ಬೆಳೆಯ ಬೆಲೆಯನ್ನು ಮಾತ್ರ ನೋಡಬೇಡಿರಿ.
(6) ಊರಿನ ಕೋಡಿಯನ್ನೂ ಕಾಲುವೆಯನ್ನೂ ತೆರೆದಿಡಿರಿ.

ಬೆಳೆ ಕೆಟ್ಟರೆ ಒಂದು ವರ್ಷದ ನಷ್ಟ. ನೆಲ ಕೆಟ್ಟರೆ ಮಕ್ಕಳ ಕಾಲಕ್ಕೂ ಮುಗಿಯದ ನಷ್ಟ. ಈ ವರ್ಷದ ಹಸ್ತದ ಮಳೆ ಬರುವುದರೊಳಗಾಗಿ ಒಂದು ಪಾಲು ಜಮೀನನ್ನಾದರೂ ಮೇಲೆ ಹೇಳಿದಂತೆ ಸಿದ್ಧಮಾಡಿ, ಮರುವರ್ಷ ಅದರ ಫಸಲನ್ನು ಉಳಿದ ಪಾಲಿನೊಡನೆ ಹೋಲಿಸಿ ನೋಡಬೇಕೆಂದು ರೈತರಲ್ಲಿ ಬಿನ್ನಹ.